ಓದಿನ ಜೊತೆ ದುಡಿಮೆ: ನಾಚಿಕೆಯೂ ಬೇಡ, ಖಾತೆಯ ಬಾಡಿಗೆಯೂ ಬೇಡ

(ಕಾಸರಕೋಡಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಹಾಗೂ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಜೂನ್ ತಿಂಗಳೆಂದರೆ ಏನೆಂದು ಈ ಊರಿನವರಿಗೆ ವಿವರಿಸಬೇಕಾಗಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಬೋಟುಗಳು ದಡ ಸೇರುತ್ತವೆ. ಅವುಗಳೊಂದಿಗೆ ಮಂಜುಗಡ್ಡೆ ಪೂರೈಸುವವನ, ಮೀನು ಸಾಗಿಸುವ ಟೆಂಪೊದವನ, ಒಣಮೀನು ಮಾರುವ ತಾಯಿಯ ಸಂಪಾದನೆಯೂ ದಡ ಸೇರುತ್ತದೆ. ಕಾಲೇಜಿನ ಪ್ರವೇಶ ಶುಲ್ಕ, ಪುಸ್ತಕ, ಸಮವಸ್ತ್ರಗಳ ಖರ್ಚು ಎದುರಾಗುವುದೂ ಹೆಚ್ಚಾಗಿ ಇದೇ ಮಳೆಗಾಲದಲ್ಲಿ. ಶರಾವತಿ ಸೇತುವೆ ದಾಟಿ ಹೊನ್ನಾವರದ ಕಾಲೇಜಿಗೆ ಹೋಗಬೇಕಾಗಿದ್ದ ಎಷ್ಟು ಮಕ್ಕಳು “ಈ ವರ್ಷ ಬಿಡು, ಮುಂದಿನ ವರ್ಷ ನೋಡೋಣ” ಎಂಬ ಮಾತು ಕೇಳಿ ಓದನ್ನು ಕೈಬಿಟ್ಟರು ಎಂಬುದನ್ನು ಇಲ್ಲಿ ಕುಳಿತಿರುವ ಹಿರಿಯರು ನನಗಿಂತ ಚೆನ್ನಾಗಿ ಬಲ್ಲರು. ಆ ಮುಂದಿನ ವರ್ಷ ಬಹುತೇಕ ಬರುವುದೇ ಇಲ್ಲ.

ಇನ್ನೊಂದೆಡೆ ಸರಕಾರದ ಕೈ ಹಿಂದೆ ಸರಿಯುತ್ತಿದೆ. ಒಂದರಿಂದ ಎಂಟನೆಯ ತರಗತಿವರೆಗಿನ ಅಲ್ಪಸಂಖ್ಯಾತ ಮಕ್ಕಳಿಗೆ ದೊರೆಯುತ್ತಿದ್ದ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಗಳಿಗಾಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಕೂಡ ರದ್ದಾಯಿತೆಂಬ ಉತ್ತರ ಸಂಸತ್ತಿನಲ್ಲಿ ಬಂತು. ನಮ್ಮ ಮಕ್ಕಳು ದುಡಿದು ಓದಲಿ ಎಂದು ನಾನು ಹೇಳುವಾಗ, ಹಕ್ಕಿನ ವಿದ್ಯಾರ್ಥಿವೇತನವನ್ನು ಕೇಳುವುದು ಬೇಡ ಎಂದು ಯಾರೂ ಅರ್ಥೈಸಬಾರದು. ಅದನ್ನು ಕೇಳುತ್ತಲೇ ಇರಬೇಕು. ಆದರೆ ಉತ್ತರ ಬರುವವರೆಗೆ ಕಾಲೇಜಿನ ಶುಲ್ಕ ಕಾಯುವುದಿಲ್ಲವಲ್ಲ!

ವಿಪರ್ಯಾಸವೆಂದರೆ, ಕಲಿಯುವ ಮಗ ಸಂಜೆ ಅಂಗಡಿಯಲ್ಲಿ ನಿಂತರೆ ನಮಗೆ ಮಾನ ಹೋದಂತಾಗುತ್ತದೆ. ತಂದೆ ಕೊಲ್ಲಿ ರಾಷ್ಟ್ರದ ಬಿಸಿಲಿನಲ್ಲಿ ಯಾರದೋ ಅಂಗಡಿಯಲ್ಲಿ ಹನ್ನೆರಡು ಗಂಟೆ ನಿಂತು ಕಳುಹಿಸಿದ ಹಣದಲ್ಲಿ ಮಗ ಬೈಕಿಗೆ ಪೆಟ್ರೋಲ್ ತುಂಬಿಸುತ್ತಾನೆ. ಅದರಲ್ಲಿ ಯಾರಿಗೂ ಮಾನದ ಪ್ರಶ್ನೆ ಕಾಣಿಸುವುದಿಲ್ಲ.

ಮದೀನಾದ ವಿದ್ಯಾರ್ಥಿಗಳು ಹೇಗಿದ್ದರು? ಅನ್ಸಾರ್‌ಗಳಲ್ಲಿ ‘ಕುರ್ರಾ’ ಎಂದು ಕರೆಯಲ್ಪಡುತ್ತಿದ್ದ ಸುಮಾರು ಎಪ್ಪತ್ತು ಮಂದಿಯ ಗುಂಪೊಂದಿತ್ತು. ಹಝ್ರತ್ ಅನಸ್(ರ)ರವರ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಅವರು ರಾತ್ರಿ ಕುರ್‌ಆನ್ ಕಲಿಯುತ್ತಿದ್ದರು. ಹಗಲಿನಲ್ಲಿ ಮಸೀದಿಗೆ ನೀರು ತಂದಿಡುತ್ತಿದ್ದರು, ಕಟ್ಟಿಗೆ ಆರಿಸಿ ಮಾರಿ, ಬಂದ ಹಣದಿಂದ ಸುಫ್ಫಾದಲ್ಲಿದ್ದ ಬಡ ವಿದ್ಯಾರ್ಥಿಗಳಿಗೆ ಆಹಾರ ಕೊಳ್ಳುತ್ತಿದ್ದರು. ಗಮನಿಸಿ, ಇವರು ದುಡಿದದ್ದು ತಮಗಾಗಿ ಮಾತ್ರವಲ್ಲ, ಸಹಪಾಠಿಗಳ ಊಟಕ್ಕಾಗಿಯೂ. ಹಝ್ರತ್ ಉಮರ್(ರ)ರ ವಿಷಯ ನೋಡಿ. ಮದೀನಾದ ಹೊರವಲಯದಲ್ಲಿ ವಾಸಿಸುತ್ತಿದ್ದ ಅವರು ಮತ್ತು ನೆರೆಯ ಅನ್ಸಾರಿ ಸರದಿ ಹಾಕಿಕೊಂಡಿದ್ದರು. ಒಂದು ದಿನ ಇವರು ಪ್ರವಾದಿ(ಸ)ರ ಸನ್ನಿಧಿಗೆ ಹೋಗುವುದು, ಮರುದಿನ ಅವರು. ಹೋದವರು ಅಂದು ಕಲಿತದ್ದನ್ನು ಮನೆಯಲ್ಲುಳಿದವರಿಗೆ ತಿಳಿಸುವುದು. ಇಂದು ತರಗತಿ ತಪ್ಪಿಸಿಕೊಂಡ ಗೆಳೆಯನಿಗೆ ನೋಟ್ಸ್ ಕೊಡಲು ಹಿಂಜರಿಯುವ ವಿದ್ಯಾರ್ಥಿಗಳು ಈ ಹದೀಸನ್ನು ಓದಬೇಕು. ದುಡಿಯುವ ವಿದ್ಯಾರ್ಥಿಗೆ ಒಬ್ಬ ಅನ್ಸಾರಿ ನೆರೆಯವನೂ ಬೇಕು.

ಆದರೆ ಕೆಲಸ ಎಲ್ಲಿದೆ ಎಂದು ಕೇಳುತ್ತೀರಿ. ದೊಡ್ಡ ಊರುಗಳಲ್ಲಿರುವಂಥ ಕಂಪೆನಿಗಳು ಇಲ್ಲಿಲ್ಲ ನಿಜ. ಇರುವುದನ್ನು ನೋಡೋಣ. ವಾಣಿಜ್ಯ ಓದುವವರಿಗೆ ನಾನು ಮೊದಲು ಹೇಳುವುದು ಅಂಗಡಿಗಳ ಲೆಕ್ಕಪತ್ರ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಲೆಕ್ಕವೇ ಬರೆದಿಡದವರು ಕಂಗಾಲಾದರು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಪ್ರತಿ ತಿಂಗಳು ವಿವರ ಸಲ್ಲಿಸುವವರ ಮಾರಾಟದ ಪಟ್ಟಿ ಮುಂದಿನ ತಿಂಗಳ 11ರೊಳಗೆ, ತೆರಿಗೆಯ ವಿವರ 20ರೊಳಗೆ ಹೋಗಬೇಕು. ಅಂದರೆ ಈ ಕೆಲಸದ ಒತ್ತಡ ತಿಂಗಳ ಮೊದಲ ಭಾಗದ ಸಂಜೆಗಳಲ್ಲಿ. ಬಿ.ಕಾಂ. ವಿದ್ಯಾರ್ಥಿಯೊಬ್ಬ ಟ್ಯಾಲಿ ಕಲಿತು, ತೆರಿಗೆ ಸಲಹೆಗಾರರೊಬ್ಬರ ಕೈಕೆಳಗೆ ಮೂರ್ನಾಲ್ಕು ಅಂಗಡಿಗಳ ಬಿಲ್ಲುಗಳನ್ನು ನೋಡಿಕೊಂಡರೆ ಸಂಪಾದನೆಯೂ ಆಯಿತು, ಪಾಠವೂ ಆಯಿತು.

ಎರಡನೆಯದು ಭಾಷೆ. ಕನ್ನಡ, ಉರ್ದು, ನವಾಯತಿ, ಕೊಂಕಣಿಗಳನ್ನು ಕೇಳುತ್ತಲೇ ಬೆಳೆದ ಮಕ್ಕಳು ನಾವು. ಇದು ಬಂಡವಾಳವೆಂದು ನಮಗೇ ಅನ್ನಿಸಿಲ್ಲ. ನುಡಿಯಲ್ಲಿ ಕನ್ನಡವನ್ನೂ ಇನ್‌ಪೇಜ್‌ನಲ್ಲಿ ಉರ್ದುವನ್ನೂ ತಪ್ಪಿಲ್ಲದೆ ಟೈಪ್ ಮಾಡಬಲ್ಲವರು ಎಷ್ಟು ಮಂದಿ? ಮದುವೆಯ ಆಮಂತ್ರಣ, ಅಂಗಡಿಯ ಫಲಕ, ಸಂಸ್ಥೆಗಳ ವರದಿ, ಅನುವಾದ, ಇವೆಲ್ಲ ಮನೆಯಲ್ಲಿ ಕುಳಿತು ರಾತ್ರಿ ಮುಗಿಸಬಹುದಾದ ಕೆಲಸಗಳು. ನಾನು ಬಿ.ಎ. ಮುಗಿಸಿದ್ದೂ ಇಂತಹ ಆಮಂತ್ರಣ ಪತ್ರಗಳ ಬಲದಿಂದಲೇ. ಒಮ್ಮೆ ವರನ ಹೆಸರನ್ನು ತಪ್ಪಾಗಿ ಹಾಕಿ ಆ ತಿಂಗಳ ಕೂಲಿಯನ್ನು ಕಳಕೊಂಡೆ, ಅದಿರಲಿ.

ಮನೆಪಾಠದ ವಿಷಯ ಹೆಚ್ಚು ಹೇಳಬೇಕಿಲ್ಲ. ಐದು ಮಕ್ಕಳಿಂದ ತಲಾ 400 ರೂಪಾಯಿ ಪಡೆದರೂ ತಿಂಗಳಿಗೆ 2,000 ಆಗುತ್ತದೆ. ಇಕೋ ಬೀಚ್‌ಗೆ 2020ರಲ್ಲಿ ನೀಲಿ ಧ್ವಜದ ಮಾನ್ಯತೆ ದೊರೆತಾಗ ಕಾಸರಕೋಡಿನ ಹೆಸರು ದೇಶಕ್ಕೆ ತಿಳಿಯಿತು. ಮಳೆ ನಿಂತ ಮೇಲೆ ಭಾನುವಾರಗಳಲ್ಲಿ ಕಡಲತೀರಕ್ಕೂ ಕಾಂಡ್ಲಾ ನಡಿಗೆಗೂ ಬರುವ ಪ್ರವಾಸಿಗರಿಗೆ ಈ ಹಿನ್ನೀರಿನ ಕಥೆಯನ್ನು ಹೇಳಬಲ್ಲವರು ಇಲ್ಲಿನ ಮಕ್ಕಳಲ್ಲದೆ ಇನ್ನಾರು?

ಹೆಣ್ಣು ಮಕ್ಕಳ ಬಗ್ಗೆ ಒಂದು ಮಾತು. ಹೊಲಿಗೆ, ಮೆಹಂದಿ, ಮಲ್ಲಿಗೆ ಕಟ್ಟುವುದು, ರಮಝಾನಿನ ತಿಂಡಿ, ಪುಟ್ಟ ಮಕ್ಕಳಿಗೆ ಕುರ್‌ಆನ್ ಪಾಠ ಇತ್ಯಾದಿಗಳಿಂದ ನಮ್ಮ ಸಹೋದರಿಯರು ಈಗಾಗಲೇ ಸಂಪಾದಿಸುತ್ತಿದ್ದಾರೆ. ಪುರುಷರಿಗೆ ಅವರು ಗಳಿಸಿದ್ದರಲ್ಲಿ ಪಾಲು, ಸ್ತ್ರೀಯರಿಗೆ ಅವರು ಗಳಿಸಿದ್ದರಲ್ಲಿ ಪಾಲು ಎಂಬ ತತ್ವವನ್ನು ಅನ್ನಿಸಾ ಅಧ್ಯಾಯದ 32ನೆಯ ಸೂಕ್ತ ಸ್ಪಷ್ಟಪಡಿಸಿದೆ. ಹೀಗಿರುವಾಗ ಆಕೆಯ ಶುಲ್ಕಕ್ಕಾಗಿ ಕೂಡಿಟ್ಟ ಹಣ ಅಣ್ಣನ ಮೊಬೈಲಿಗೆ ಹೋಗುವುದು ಯಾವ ಶರೀಅತ್? 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಆಕೆಗೆ ಟಿಕೆಟಿನ ಖರ್ಚೂ ಇಲ್ಲ. ಆಕೆಯನ್ನು ಕಾಲೇಜಿಗೆ ಕಳುಹಿಸದಿರಲು ನಾವು ಹೇಳುತ್ತಿದ್ದ ಒಂದು ಕಾರಣ ಕಡಿಮೆಯಾಗಿದೆ.

ಇನ್ನು ನಾನು ಮುಖ್ಯವಾಗಿ ಹೇಳಲು ಬಂದ ವಿಷಯ. ಮೊಬೈಲಿನಲ್ಲಿ ಬರುವ ‘ಪಾರ್ಟ್ ಟೈಮ್ ಕೆಲಸ’ದ ಸಂದೇಶಗಳು. ಹೋಟೆಲಿಗೆ ಐದು ನಕ್ಷತ್ರ ಕೊಡಿ, ವೀಡಿಯೊ ಮೆಚ್ಚಿ, 150 ರೂಪಾಯಿ ಪಡೆಯಿರಿ ಎನ್ನುತ್ತಾರೆ. ಆ 150 ನಿಜವಾಗಿಯೂ ಬರುತ್ತದೆ. ಅದು ಗಾಳಕ್ಕೆ ಸಿಕ್ಕಿಸಿದ ಎರೆ ಎಂಬುದು ಕಡಲ ಮಕ್ಕಳಿಗೆ ಅರ್ಥವಾಗದಿರುವುದೇ ಆಶ್ಚರ್ಯ. ಬಳಿಕ ಹೆಚ್ಚು ಲಾಭಕ್ಕಾಗಿ ಮೊದಲು ನೀವೇ ಹಣ ಕಟ್ಟಬೇಕು. ಕಟ್ಟಿದ್ದು ಮರಳುವುದಿಲ್ಲ.

ಇದಕ್ಕಿಂತಲೂ ಅಪಾಯಕಾರಿಯಾದದ್ದು ಇನ್ನೊಂದಿದೆ. “ಕೆಲಸವೇನೂ ಇಲ್ಲ, ನಿನ್ನ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ತೆರೆದು ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಕೊಡು, ಇಷ್ಟು ಸಾವಿರ ತೆಗೆದುಕೋ” ಎನ್ನುತ್ತಾರೆ. ಹೇಳುವವನು ಅಪರಿಚಿತನಲ್ಲ, ಕಾಲೇಜಿನ ಗೆಳೆಯನೇ ಇರಬಹುದು. ಎಲ್ಲೋ ಒಬ್ಬ ನಿವೃತ್ತ ಶಿಕ್ಷಕರನ್ನು ಹೆದರಿಸಿ ದೋಚಿದ ಹಣ ಆ ಖಾತೆಗೆ ಬಂದು ನಿಮಿಷಗಳಲ್ಲಿ ಹತ್ತು ಕಡೆ ಹಂಚಿಹೋಗುತ್ತದೆ. ದೋಚಿದವನ ಮುಖ ಯಾರಿಗೂ ಕಾಣುವುದಿಲ್ಲ. ಪೊಲೀಸರ ಕೈಗೆ ಸಿಗುವ ಮೊದಲ ಹೆಸರು, ವಿಳಾಸ, ಭಾವಚಿತ್ರ ನಮ್ಮ ಹುಡುಗನದ್ದು.

ನನಗೆ ಪರಿಚಯವಿರುವ ಒಂದು ಮನೆಯಲ್ಲಿ ಇದೇ ಆಯಿತು. ಪದವಿಯ ಎರಡನೆಯ ವರ್ಷದ ಹುಡುಗ. ಬೇರೆ ರಾಜ್ಯದ ಪೊಲೀಸರ ನೋಟಿಸ್ ಬಂದ ದಿನ ಅವನ ತಾಯಿ ನನ್ನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಭಾಯಿ, ಇವನು ಯಾರ ಹಣವನ್ನೂ ಮುಟ್ಟಿಲ್ಲವಲ್ಲ?” ಮುಟ್ಟಿರಲಿಲ್ಲ, ನಿಜ. ತನ್ನ ಹೆಸರನ್ನು ಮುಟ್ಟಲು ಕೊಟ್ಟಿದ್ದ. ತನಿಖೆಯಲ್ಲಿ ಅವನ ವಿದ್ಯಾರ್ಥಿವೇತನ ಬರುತ್ತಿದ್ದ ಖಾತೆಯೂ ಸ್ತಂಭನಗೊಂಡಿತು. ಪ್ರಕರಣ ಬಾಕಿಯಿದ್ದರೆ ಪಾಸ್‌ಪೋರ್ಟಿನ ಪೊಲೀಸ್ ಪರಿಶೀಲನೆಯಲ್ಲಿ ತೊಡಕಾಗುತ್ತದೆ. ಕೊಲ್ಲಿಯ ನೌಕರಿಯನ್ನೇ ನೆಚ್ಚಿರುವ ನಮ್ಮ ಕರಾವಳಿಯ ಮನೆಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕೆ? ಅಲ್ಲದೆ ಇಂತಹ ಪ್ರಕರಣದಲ್ಲಿ ಮುಸ್ಲಿಮ್ ಹೆಸರೊಂದು, ಅದೂ ಭಟ್ಕಳದ ಸುತ್ತಲಿನದ್ದು, ಕಾಣಿಸಿಕೊಂಡರೆ ಶೀರ್ಷಿಕೆಗಳು ಹೇಗಿರುತ್ತವೆಂದು ಪತ್ರಕರ್ತನಾಗಿ ನಾನು ಬಲ್ಲೆ. ಆ ಅನ್ಯಾಯವನ್ನು ನಾವು ವಿರೋಧಿಸೋಣ. ಅದಕ್ಕೆ ಅವಕಾಶವನ್ನೂ ಕೊಡದಿರೋಣ.

ಈಗಾಗಲೇ ಸಿಕ್ಕಿಕೊಂಡವರಿದ್ದರೆ ಅಡಗಿಸಿಡಬೇಡಿ. ಹಣ ಕಳಕೊಂಡವರು ಕೂಡಲೇ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ಹಣ ಕೈತಪ್ಪುತ್ತದೆ. ಖಾತೆ ಕೊಟ್ಟವರು ಹೆತ್ತವರಿಗೆ ತಿಳಿಸಿ, ಬ್ಯಾಂಕಿಗೆ ಲಿಖಿತವಾಗಿ ಕೊಟ್ಟು, ವಕೀಲರೊಬ್ಬರ ಜೊತೆ ತಾವಾಗಿಯೇ ಪೊಲೀಸ್ ಠಾಣೆಗೆ ಹೋಗಲಿ. ‘ಹಲಾಲ್’ ಎಂಬ ಪದಕ್ಕೆ ಮರುಳಾಗಿ 2019ರಲ್ಲಿ ಐಎಂಎಯಲ್ಲಿ ಸಾವಿರಾರು ಕುಟುಂಬಗಳು ಕಳಕೊಂಡದ್ದನ್ನು ನೋಡಿದ್ದೇವೆ. ಬೆವರು ಬೇಡ, ಬರೇ ಹೆಸರು ಸಾಕು ಎನ್ನುವ ಕಡೆ ಆ ಹೆಸರಿಗೇನಾಗುತ್ತದೆ ಎಂದು ಕೇಳಬೇಕು.

ಕೊನೆಯದಾಗಿ ವ್ಯಾಪಾರಿ ಹಿರಿಯರಲ್ಲಿ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ದುಡಿಯುವ ಹುಡುಗನನ್ನೇ ನೀವು ಹುಡುಕುತ್ತೀರಿ. ಅದರಿಂದಲೇ ಎಷ್ಟೋ ಮಕ್ಕಳ ಓದು ನಿಂತಿದೆ. ಆ ಹನ್ನೆರಡು ಗಂಟೆಯನ್ನು ಮೂರು ಮಂದಿಗೆ ಹಂಚಿ, ಪರೀಕ್ಷೆಯ ವಾರ ರಜೆ ಕೊಡಿ, ಸಂಬಳವನ್ನು ಹದಿನೈದನೆಯ ತಾರೀಕಿಗೆ ಎಳೆಯಬೇಡಿ. ಬೇಡಲು ಬಂದ ಅನ್ಸಾರಿಯೊಬ್ಬರ ಮನೆಯ ಹಾಸು ಮತ್ತು ಬಟ್ಟಲನ್ನು ಪ್ರವಾದಿ(ಸ)ರು ಎರಡು ದಿರ್ಹಮಿಗೆ ಹರಾಜು ಹಾಕಿಸಿ, ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ ಕೊಳ್ಳಲು ಹೇಳಿ, ಅದಕ್ಕೆ ಸ್ವತಃ ಹಿಡಿ ಜೋಡಿಸಿ ಕೊಟ್ಟರು. ಹದಿನೈದು ದಿನಗಳಲ್ಲಿ ಆತ ಹತ್ತು ದಿರ್ಹಮ್ ಸಂಪಾದಿಸಿದರು. ನಿಮ್ಮ ಮನೆಯ ಮೂಲೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್, ಹೊಲಿಗೆ ಯಂತ್ರ ಇಂದಿನ ಕೊಡಲಿಗಳು.

ಇಶಾ ನಮಾಝಿನ ಬಳಿಕ ಈ ಬಾಗಿಲ ಬಳಿ ಒಂದು ನೋಟ್‌ಬುಕ್ ಇಟ್ಟಿರುತ್ತೇವೆ. ಎಡಬದಿಯ ಪುಟದಲ್ಲಿ ವಿದ್ಯಾರ್ಥಿಗಳು ತಮಗೆ ಬಿಡುವಿರುವ ಗಂಟೆ ಮತ್ತು ಬಲ್ಲ ಕೆಲಸವನ್ನು ಬರೆಯಲಿ. ಬಲಬದಿಯ ಪುಟದಲ್ಲಿ ಅಂಗಡಿಯವರು ತಮಗೆ ಬೇಕಾದ ಕೆಲಸ ಮತ್ತು ಕೊಡುವ ಕೂಲಿಯನ್ನು ಬರೆಯಲಿ. ಕೂಲಿಯ ಅಂಕಣವನ್ನು ದಯವಿಟ್ಟು ಖಾಲಿ ಬಿಡಬೇಡಿ.

ವಸ್ಸಲಾಮ್.