ಮಗುವಿನ ಪ್ರತಿಭೆ ಹೆತ್ತವರ ಕೈಯಲ್ಲಿರುವ ಇಡುಗಂಟು

(ಕೊಪ್ಪಳದ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಂದ ಬಂದಿರುವ ತಮ್ಮ ಮುಂದೆ ಮೊದಲಿಗೆ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇನೆ. ನನ್ನ ಅಕ್ಕನ ಮಗಳು ಐದನೆಯ ತರಗತಿಯಲ್ಲಿದ್ದಾಗ ಅವಳ ಶಿಕ್ಷಕಿ ಮನೆಗೇ ಬಂದು, "ಈ ಹುಡುಗಿ ಲೆಕ್ಕದಲ್ಲಿ ಬಹಳ ಚುರುಕು, ನವೋದಯ ಪರೀಕ್ಷೆಗೆ ಕೂರಿಸಿ" ಎಂದರು. ಮದ್ರಸದಲ್ಲಿ ಕಲಿತವನು, ಪದವಿಯನ್ನೂ ಪಡೆದವನು ಎಂದು ಅಕ್ಕ ನನ್ನನ್ನು ಕೇಳಿದಳು. "ಹೆಣ್ಣುಮಗು, ಹಾಸ್ಟೆಲ್ ಬೇಡ, ಮುಂದೆ ನೋಡೋಣ" ಎಂದುಬಿಟ್ಟೆ. ಆರನೆಯ ತರಗತಿಯ ಈ ಪ್ರವೇಶ ಪರೀಕ್ಷೆಯನ್ನು ಮಗು ಒಮ್ಮೆ ಮಾತ್ರ ಬರೆಯಬಹುದೆಂಬ ನಿಯಮ ನನಗೆ ತಿಳಿದಿರಲಿಲ್ಲ. ಆ "ಮುಂದೆ" ಬರಲೇ ಇಲ್ಲ.

ಗ್ರಾಮೀಣ ಪ್ರತಿಭೆಗಳಿಗಾಗಿ 1986ರ ರಾಷ್ಟ್ರೀಯ ಶಿಕ್ಷಣ ನೀತಿ ರೂಪಿಸಿದ ಜವಾಹರ್ ನವೋದಯ ವಿದ್ಯಾಲಯ ನಮ್ಮ ಜಿಲ್ಲೆಯಲ್ಲಿ, ಹಿಂದೆ ಯಲಬುರ್ಗಾ ತಾಲೂಕಿಗೆ ಸೇರಿದ್ದ ಕುಕನೂರಿನಲ್ಲಿದೆ. ವಸತಿ, ಊಟ, ಸಮವಸ್ತ್ರ, ಪಠ್ಯಪುಸ್ತಕ ಎಲ್ಲವೂ ಉಚಿತ. ಒಂಬತ್ತನೆಯ ತರಗತಿಯಿಂದ ಪಡೆಯುವ ವಿಕಾಸ ನಿಧಿಯಿಂದಲೂ ಹೆಣ್ಣುಮಕ್ಕಳಿಗೆ ಹಾಗೂ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವಿನಾಯಿತಿಯಿದೆ. ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಕನಿಷ್ಠ ಮೂರನೆಯ ಒಂದು ಭಾಗದಷ್ಟು ಸ್ಥಾನಗಳು ಹೆಣ್ಣುಮಕ್ಕಳಿಗೆ ಮೀಸಲು. ಆದರೆ ಶೇ. 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲಾದುದರಿಂದ ಪಟ್ಟಣವಾಸಿಗಳಾದ ನಮ್ಮ ಮಕ್ಕಳ ಸ್ಪರ್ಧೆ ಕಠಿಣ. ಅಷ್ಟು ಮೊದಲೇ ಸಿದ್ಧತೆ ಆರಂಭವಾಗಬೇಕು.

ನಮ್ಮ ಮನೆಗಳಲ್ಲಿ ಮೂರು ಮಾತುಗಳು ಕೇಳಿಬರುತ್ತವೆ. "ನಮ್ಮವರಿಗೆ ಯಾರು ಸೀಟು ಕೊಡುತ್ತಾರೆ?" ಎಂಬುದು ಮೊದಲನೆಯದು. ಅನ್ಯಾಯವಾದಲ್ಲಿ ಪ್ರಶ್ನಿಸೋಣ. ಆದರೆ ಅರ್ಜಿಯನ್ನೇ ಹಾಕದವನಿಗೆ ಪ್ರಶ್ನಿಸುವ ಹಕ್ಕೆಲ್ಲಿದೆ? "ದೀನೀ ಶಿಕ್ಷಣ ತಪ್ಪುತ್ತದೆ" ಎಂಬುದು ಎರಡನೆಯದು. ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹತ್ತು ವರ್ಷಗಳವರೆಗೆ ಮನೆಯಲ್ಲಿ ನಮಾಝನ್ನು ಕಲಿಸದೆ ಹಾಸ್ಟೆಲನ್ನು ದೂರುವುದು ಸರಿಯೇ? ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಿಗೆ ಹೋಗುವವರು ಸುಮಾರು ಶೇ. 4 ಮಾತ್ರ ಎಂದು 2006ರ ಸಾಚಾರ್ ವರದಿ ತಿಳಿಸಿತು. ಅಂದರೆ ಮಕ್ಕಳು ಹಿಂದುಳಿಯಲು ಮದ್ರಸ ಕಾರಣವಲ್ಲ. ಮೂರನೆಯದು ನಾನೇ ಆಡಿದ "ಹೆಣ್ಣುಮಗು" ಎಂಬ ಮಾತು. ಅದೇ ನಾವು ಮಗನನ್ನು ದೂರದ ಊರಿನ ಹಾಸ್ಟೆಲ್‌ಗೆ ಕಳುಹಿಸಲು ಸಾಲ ಮಾಡುತ್ತೇವೆ! ವಸತಿ ಶಾಲೆ ಬೇಡವೆನಿಸಿದರೆ ಪ್ರವೇಶ ಪರೀಕ್ಷೆಯ ಮೂಲಕವೇ ಸೇರಬಹುದಾದ ಸರಕಾರಿ ಆದರ್ಶ ವಿದ್ಯಾಲಯಗಳಿವೆ. ಮಗು ಸಂಜೆ ಮನೆಗೆ ಮರಳುತ್ತದೆ. ಅಲ್ಪಸಂಖ್ಯಾತರ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಇವೆ.

ಇನ್ನೊಂದು ಅತಿರೇಕದ ಬಗ್ಗೆಯೂ ಎಚ್ಚರವಿರಲಿ. ಕೆಲವು ಹೆತ್ತವರಿಗೆ ಆಯ್ಕೆ ಪಟ್ಟಿಯೆಂದರೆ ಮನೆತನದ ಪ್ರತಿಷ್ಠೆ. ಇಡೀ ಜಿಲ್ಲೆಗೆ ನವೋದಯದಲ್ಲಿರುವುದು ವರ್ಷಕ್ಕೆ ಹೆಚ್ಚೆಂದರೆ 80 ಸ್ಥಾನ. ಆಯ್ಕೆಯಾಗದ ಮಗು ದಡ್ಡ ಮಗುವಲ್ಲ. ಅದನ್ನು ನೆರೆಹೊರೆಯವರ ಮುಂದೆ ಹಂಗಿಸುವುದು ಅನ್ಯಾಯ. ಈ ಸ್ಥಾನಗಳು ಸಾಲವೆಂದು ಸರಕಾರವನ್ನು ಒತ್ತಾಯಿಸುವುದೂ ನಮ್ಮದೇ ಕೆಲಸ.

ಸಹೋದರರೇ, ಮಕ್ಕಳು ಅಲ್ಲಾಹನ ಅಮಾನತ್, ನಮ್ಮ ಕೈಗೆ ಒಪ್ಪಿಸಿದ ಇಡುಗಂಟು. ಅವರ ಬುದ್ಧಿಯೂ ಆ ಗಂಟಿನೊಳಗಿನದೇ. ಅದನ್ನು ಬಿಚ್ಚಿ ನೋಡದೆ ಮೂಲೆಗೆ ಎಸೆಯುವ ಅಧಿಕಾರ ನಮಗಿಲ್ಲ. ನಾಳೆಯೇ ಮಗುವಿನ ಶಿಕ್ಷಕರನ್ನು ಭೇಟಿಯಾಗಿರಿ, ಅರ್ಜಿಯ ಕೊನೆಯ ದಿನಾಂಕವನ್ನು ಕೇಳಿರಿ, ಜಮಾಅತಿನ ಫಲಕದಲ್ಲಿ ಬರೆಯಿರಿ. ನನ್ನ ಅಕ್ಕನ ಮಗಳು ಈಗಲೂ ಲೆಕ್ಕದಲ್ಲಿ ಚುರುಕಾಗಿದ್ದಾಳೆ. ಆ ಪರೀಕ್ಷೆಯ ಬಗ್ಗೆ ಅವಳು ನನ್ನನ್ನು ಒಮ್ಮೆಯೂ ಕೇಳಿಲ್ಲ. ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.