ನೆಲ ಅಲುಗಿದರೆ ಕಾಲು ಏನು ಮಾಡುತ್ತದೆ?

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷ ತುಂಬಿದ ಈ ಶಾಲೆಯ ನೆನಪುಗಳನ್ನು ಹೇಳಲು ಬಹಳ ಮಂದಿ ಇದ್ದಾರೆ. ದೈಹಿಕ ಶಿಕ್ಷಣ ಶಿಕ್ಷಕನಾದ ನಾನು ಕಾಲಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅದಕ್ಕೆ ಕಾರಣವಿದೆ. ಪೊಲೀಸ್ ಮತ್ತು ಸೈನ್ಯದ ಭರ್ತಿಗೆ ತಯಾರಾಗುವ ನಮ್ಮ ಭಾಗದ ಹುಡುಗರು ನಸುಕಿನಲ್ಲೇ ಎದ್ದು ಹೊಲದ ದಾರಿ ಹಿಡಿಯುತ್ತಾರೆ. ಗಳೆ ಹೊಡೆದ ಎರೆ ಹೊಲದಲ್ಲೋ, ಭೀಮಾ ದಂಡೆಯ ಮರಳಿನಲ್ಲೋ ಹೆಗಲ ಮೇಲೆ ಚೀಲ ಹೊತ್ತು ಬಸ್ಕಿ ಹೊಡೆದರೆ ಕಾಲು ಬೇಗ ಗಟ್ಟಿಯಾಗುತ್ತದೆ ಎಂದು ನಂಬಿದವರಿದ್ದಾರೆ. ಭರ್ತಿಗೆ ಹದಿನೈದು ದಿನ ಇರುವಾಗ ಕಾಲು ಉಳುಕಿದರೆ ವರ್ಷದ ಶ್ರಮವೆಲ್ಲ ನೀರುಪಾಲು.

ಗಟ್ಟಿ ನೆಲದ ಮೇಲೆ ಬಸ್ಕಿ ಹೊಡೆಯುವಾಗ ತೊಡೆಯ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು ತಮ್ಮ ಬಲವನ್ನು ಭಾರ ಎತ್ತುವುದಕ್ಕೇ ಹಾಕುತ್ತವೆ. ನೆಲ ಅಲುಗಿದರೆ ಪಾದದ ಕೀಲು ಅತ್ತಿತ್ತ ವಾಲುತ್ತದೆ. ಅದನ್ನು ತಡೆಯಲು ಮೀನಖಂಡ ಮತ್ತು ಮೊಣಕಾಲ ಕೆಳಗಿನ ಮುಂಬದಿ, ಹೊರಬದಿಯ ಸ್ನಾಯುಗಳು ಕ್ಷಣಕ್ಷಣಕ್ಕೂ ಬಿಗಿಯಬೇಕಾಗುತ್ತದೆ. ತೊಡೆಯ ಮುಂದಿನ ಸ್ನಾಯು ಕಾಲು ಚಾಚುವಾಗ ಹಿಂದಿನ ಸ್ನಾಯುವೂ ಬಿಗಿದು ಹಿಡಿಯುತ್ತದೆ. ಬಂಡಿಯ ಮುಂದೊಂದು, ಹಿಂದೊಂದು ಎತ್ತು ಕಟ್ಟಿದ ಹಾಗೆ: ಬಂಡಿ ಅಲುಗದೆ ನಿಲ್ಲುತ್ತದೆ, ಆದರೆ ಮುಂದೆ ಸಾಗುವುದಿಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಕೆನಡಾದ ಡೇವಿಡ್ ಬೆಮ್ ಮತ್ತು ಸಂಗಡಿಗರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಾಳಿ ತುಂಬಿದ ದೊಡ್ಡ ಚೆಂಡಿನ ಮೇಲೆ ಕುಳಿತು ಮೊಣಕಾಲು ಚಾಚಿದಾಗ ಬರುವ ಬಲ, ಗಟ್ಟಿ ಆಸನದ ಮೇಲೆ ಬರುವುದಕ್ಕಿಂತ ಸುಮಾರು ಶೇ. 70ರಷ್ಟು ಕಡಿಮೆ ಇತ್ತು. ಮೀನಖಂಡದ ಬಲ ಸುಮಾರು ಶೇ. 20ರಷ್ಟು ಕುಗ್ಗಿತ್ತು. ಬೆಲ್ಜಿಯಂನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ 2.1ರಿಂದ 2.7 ಪಟ್ಟು ಹೆಚ್ಚು ಶಕ್ತಿ ಬೇಕಾಯಿತು. ಎರಡನ್ನೂ ಕೂಡಿಸಿ ನೋಡಿರಿ. ಅಲುಗುವ ನೆಲದಲ್ಲಿ ದಣಿವು ಹೆಚ್ಚು, ಆದರೆ ದೊಡ್ಡ ಸ್ನಾಯುಗಳಿಂದ ಪೂರ್ಣ ಬಲ ಹೊರಡುವುದಿಲ್ಲ. ದಣಿವು ಬೇರೆ, ಬಲ ಬೇರೆ.

ಹಾಗಾದರೆ ಮೆತ್ತನೆಯ ನೆಲ ಬೇಡವೇ? ಬೇಕು. ಕುಸ್ತಿಯ ಪೈಲ್ವಾನ ಹದ ಮಾಡಿದ ಕೆಂಪು ಮಣ್ಣಿನಲ್ಲಿ ಸೆಣಸುತ್ತಾನೆ. ಎದುರಾಳಿ ತಳ್ಳಿದಾಗ ಪಾದ ತಾನಾಗಿಯೇ ನೆಲ ಹಿಡಿಯುವುದನ್ನು ಕಲಿಯುತ್ತದೆ. ಕಬಡ್ಡಿಯಲ್ಲೂ ಒಂದೇ ಕಾಲ ಮೇಲೆ ತಿರುಗುವ ಸಂದರ್ಭ ಬಹಳ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕದಂತೆ ಮಾಡಲು ಸಮತೋಲನದ ಅಭ್ಯಾಸ ಸಹಾಯ ಮಾಡುತ್ತದೆ ಎಂಬುದೂ ಅಧ್ಯಯನಗಳಿಂದ ಗೊತ್ತಾಗಿದೆ.

ಆದ್ದರಿಂದ ಮಕ್ಕಳೇ, ಎರಡನ್ನೂ ಮಾಡಿರಿ, ಆದರೆ ಒಟ್ಟಿಗೆ ಬೆರೆಸಬೇಡಿರಿ. ಭಾರ ಹೊರುವುದಿದ್ದರೆ ಗಟ್ಟಿಯಾದ, ಸಮತಟ್ಟಾದ ನೆಲದ ಮೇಲೆ ಹೊರಿರಿ. ಭಾರವನ್ನು ವಾರವಾರ ಸ್ವಲ್ಪ ಸ್ವಲ್ಪ ಏರಿಸಿರಿ. ಸಮತೋಲನದ ಅಭ್ಯಾಸಕ್ಕೆ ಭಾರ ಬೇಡ. ಮೊದಲು ಒಂಟಿ ಕಾಲ ಮೇಲೆ 30 ಸೆಕೆಂಡು ನಿಲ್ಲಿರಿ. ಅದು ಬಂದ ಮೇಲೆ ಗೋಡೆಯ ಪಕ್ಕ ಕಣ್ಣು ಮುಚ್ಚಿ ನಿಲ್ಲಿರಿ. ಅದೂ ಬಂದ ಮೇಲೆ ನಾಲ್ಕು ಮಡಿಕೆ ಮಾಡಿದ ಗೋಣಿಚೀಲದ ಮೇಲೆ ನಿಲ್ಲಿರಿ. ನೋವು, ಬಾವು ಇದ್ದರೆ ಆ ದಿನ ನಿಲ್ಲಿಸಿರಿ, ವೈದ್ಯರಿಗೆ ತೋರಿಸಿರಿ.

ಮನೆಯಲ್ಲಿರುವ ಅಜ್ಜ-ಅಮ್ಮಂದಿರಿಗೂ ಗೋಡೆ ಹಿಡಿದು ನಿಲ್ಲುವ ಅಭ್ಯಾಸ ಮಾಡಿಸಿರಿ. ವಯಸ್ಸಾದವರು ಬೀಳುವುದು ಇದರಿಂದ ಕಡಿಮೆಯಾಗುತ್ತದೆ. ಇದಕ್ಕೆ ಜಿಮ್ಮೂ ಬೇಡ, ರೊಕ್ಕವೂ ಬೇಡ.

ಈ ಶಾಲೆಯ ಮೈದಾನದಿಂದ ಇನ್ನೂ ಅನೇಕರು ಭರ್ತಿಯ ಮೈದಾನಕ್ಕೆ ಹೋಗಲಿ. ಹೋಗುವವರೆಲ್ಲ ಗಟ್ಟಿ ಕಾಲಿನಿಂದ ಹೋಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.