ಇದ್ದಿಲು ಗೊಬ್ಬರವಲ್ಲ

ಅಮೆಜಾನ್ ಕಾಡು ದಟ್ಟವಾಗಿದ್ದರೂ ಅದರಡಿಯ ಮಣ್ಣು ಬಹುತೇಕ ಬಡಮಣ್ಣು. ಮಳೆ ಅದರ ಸಾರವನ್ನು ತೊಳೆದೊಯ್ದಿದೆ. ಆದರೂ ಅಲ್ಲಲ್ಲಿ ‘ಟೆರಾ ಪ್ರೆಟಾ’ ಎಂಬ ಕಪ್ಪು ಮಣ್ಣು ಸಿಗುತ್ತದೆ. ಅಗೆದರೆ ಮಡಕೆಚೂರು, ಮೀನಿನ ಮೂಳೆ, ಇದ್ದಿಲು. ಮೂಲನಿವಾಸಿಗಳು ಶತಮಾನಗಳ ಹಿಂದೆ ಬಿಟ್ಟುಹೋದ ಈ ಮಣ್ಣಿನ ಬಗ್ಗೆ ಡಚ್ ಮಣ್ಣುವಿಜ್ಞಾನಿ ವಿಮ್ ಸೊಂಬ್ರೂಕ್ 1966ರಲ್ಲೇ ಬರೆದರು. ಬಯೋಚಾರ್, ಅಂದರೆ ಮಣ್ಣಿಗೆ ಬೆರೆಸುವ ಇದ್ದಿಲಿನ ಪ್ರಚಾರಕರು ಇದನ್ನೇ ಸಾಕ್ಷಿಯಾಗಿ ತೋರಿಸುತ್ತಾರೆ, ಮೂಳೆ ಮತ್ತು ಕಸದ ಮಾತು ಮಾತ್ರ ಎತ್ತುವುದಿಲ್ಲ! ಸಾರ ಬಂದದ್ದು ಹೆಚ್ಚಾಗಿ ಅವುಗಳಿಂದ. ಅದು ಕೊಚ್ಚಿಹೋಗದಂತೆ ತಡೆದದ್ದರಲ್ಲಿ ಇದ್ದಿಲಿನ ಪಾಲು ದೊಡ್ಡದು. ಬಯೋಚಾರ್ ಗೊಬ್ಬರವಲ್ಲ, ಗೊಬ್ಬರವನ್ನು ಹಿಡಿದಿಡುವ ವಸ್ತು ಎಂಬುದೇ ನನ್ನ ವಾದ.

ಹಾಗಾಗಿ ಅದರ ಫಲ ಎಲ್ಲ ಕಡೆ ಒಂದೇ ಅಲ್ಲ. ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಉಷ್ಣವಲಯದ ಇಳುವರಿ ಸರಾಸರಿ ಶೇ. 25ರಷ್ಟು ಏರಿತ್ತು, ಸಮಶೀತೋಷ್ಣ ದೇಶಗಳಲ್ಲಿ ಏರಿಕೆಯೇ ಇರಲಿಲ್ಲ. ಉಷ್ಣವಲಯದಲ್ಲಿ ಹೆಚ್ಚಾಗಿ ಕಾಣುವ ಹುಳಿ ಮಣ್ಣಿಗೆ ಇದ್ದಿಲಿನ ಕ್ಷಾರಗುಣ ಒದಗಿಬರುತ್ತದೆ. ನಮ್ಮ ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಇಂಥದ್ದೇ. ವಿಜಯಪುರ, ರಾಯಚೂರಿನ ಎರೆಭೂಮಿಗೆ ಮೊದಲೇ ಕ್ಷಾರವಿದೆ, ಸಾರ ಹಿಡಿಯುವ ಜೇಡಿಯೂ ಇದೆ. ಅಲ್ಲಿ ಅಷ್ಟು ಲಾಭ ನಿರೀಕ್ಷಿಸುವುದು ತಪ್ಪು.

‘ಬೂದಿ, ಸುಡುಮಣ್ಣು ಹಾಕುತ್ತಲೇ ಬಂದಿದ್ದೇವೆ, ಇದರಲ್ಲೇನು ಹೊಸದು?’ ಎಂದು ಕೇಳುವವರಿದ್ದಾರೆ. ಬೂದಿಯಾಗುವಷ್ಟು ಸುಟ್ಟರೆ ಇಂಗಾಲ ಗಾಳಿಗೆ ಹೋಗುತ್ತದೆ, ಉಳಿದ ಪೊಟ್ಯಾಷ್ ಮಳೆಗೆ ಬೇಗ ಕರಗುತ್ತದೆ. ಗಾಳಿ ಕಡಿಮೆ ಮಾಡಿ ಸುಟ್ಟ ಇದ್ದಿಲು ಮಣ್ಣಿನಲ್ಲಿ ನೂರಾರು ವರ್ಷ ನಿಲ್ಲಬಲ್ಲದು. ಹಸಿ ಇದ್ದಿಲು ಹಾಕಿದ ಮೇಲೆ ಬೆಳೆ ಹಳದಿಯಾಯಿತೆಂಬ ದೂರೂ ಸುಳ್ಳಲ್ಲ: ಅದು ಸಾರಜನಕವನ್ನು ತಾನೇ ಹೀರಿಕೊಳ್ಳಬಹುದು. ಸಗಣಿ ಬಗ್ಗಡದಲ್ಲಿ ನೆನೆಸಿ, ಕೆಲವು ವಾರ ತಿಪ್ಪೆಗೊಬ್ಬರದೊಂದಿಗೆ ಕಳಿಯಲು ಬಿಟ್ಟು ಹಾಕಬೇಕು. ನಿಜವಾಗಿ ತೂಕದ ಆಕ್ಷೇಪ ಕಚ್ಚಾವಸ್ತುವಿನದು. ಚದರ ಮೀಟರಿಗೆ 1 ಕಿಲೋ ಎಂದರೂ ಎಕರೆಗೆ 4 ಟನ್. ಅದಕ್ಕೆ ಒಣ ಸೊಪ್ಪುಸೌದೆ 12ರಿಂದ 16 ಟನ್ ಬೇಕು. ಯಾರ ಹಿತ್ತಲಲ್ಲಿದೆ ಅಷ್ಟು? ಜೋಳದ ದಂಟು ಸುಟ್ಟರೆ ದನ ಉಪವಾಸ. ರಸ್ತೆಬದಿಗೆ ಸುರಿಯುವ ಅಡಿಕೆ ಸಿಪ್ಪೆ, ಕಡಿದಷ್ಟೂ ಚಿಗುರುವ ಬಳ್ಳಾರಿ ಜಾಲಿ ಇವಕ್ಕಷ್ಟೇ ಕೈಹಾಕೋಣ. ಒಣಗಿದ್ದನ್ನು ಅಗಲ ಬಾಯಿಯ ಗುಂಡಿಯಲ್ಲಿ ಮೇಲಿನಿಂದ ಉರಿಸಿ, ಕೆಂಡದ ಮೇಲೆ ಬೂದಿ ಕಾಣತೊಡಗಿದಾಗಲೆಲ್ಲ ಮುಂದಿನ ಪದರ ಹಾಕುತ್ತ ಹೋಗಿ, ಕೊನೆಗೆ ನೀರೆರೆದು ಆರಿಸಿದರೆ ಹೊಗೆಯೂ ಕಡಿಮೆ. ಹೊಲಕ್ಕೆಲ್ಲ ಎರಚದೆ ಅಡಿಕೆ, ತೆಂಗಿನ ಬುಡಕ್ಕೆ, ತರಕಾರಿ ಗುಣಿಗೆ ಕೊಡಿ. ಅಂಗಡಿಯಿಂದ ಬಯೋಚಾರ್ ಚೀಲ ತರುವ ಮುನ್ನ ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ 7.5 ದಾಟಿದ್ದರೆ ಆ ದುಡ್ಡನ್ನು ಕೊಟ್ಟಿಗೆ ಗೊಬ್ಬರಕ್ಕೆ ಹಾಕಿ.